ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಸರಿ

ಮುಂಬೈಗೆ ಬರುತ್ತೀಯಂತೆ. ಬಾ ಮಗೂ, ಸಂತೋಷ. ಆದರೆ ಮೊದಲು ಆ ಪಟ್ಟಿ ತೆಗೆ, ನೋಡೋಣ. ಎರಡು ದಿನಕ್ಕೆ ಗೇಟ್‌ವೇ, ಎಲಿಫೆಂಟಾ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಹಾಜಿ ಅಲಿ, ಜುಹು, ಸೀ ಲಿಂಕ್, ಯಾರೋ ನಟನ ಮನೆಯ ಗೇಟು, ನಡುವೆ ಕ್ರಾಫರ್ಡ್ ಮಾರ್ಕೆಟ್ಟು, ಹೊತ್ತು ಉಳಿದರೆ ಧಾರಾವಿ. ಯಾರು ಬರೆದುಕೊಟ್ಟರು ಇದನ್ನು? ಹೀಗೆ ಓಡಿದರೆ ನೀನು ನೋಡುವುದು ರಸ್ತೆಯನ್ನು ಮಾತ್ರ. ಪಟ್ಟಿಯಲ್ಲಿ ಅರ್ಧ ಹೊಡೆದುಹಾಕು. ಆ ನಟನ ಗೇಟಿನಿಂದಲೇ ಶುರು ಮಾಡು.

ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಉಡುಪಿಯಿಂದ ಬಸ್ಸಿನಲ್ಲಿ ಮೈಯೆಲ್ಲ ನುಗ್ಗಾಗಿ ಬಂದು ಇಳಿಯುತ್ತಿದ್ದೆವು. ಗೋರೆಗಾಂವ್‌ನಲ್ಲಿ ಮನೆ, ಫೋರ್ಟಿನಲ್ಲಿ ಕೆಲಸ. ಊರಿಂದ ಬಂದ ಎಷ್ಟೋ ಮಕ್ಕಳಿಗೆ ಊಟ ಹಾಕಿ, ದಾರಿ ಹೇಳಿ ಕಳಿಸಿದ್ದೇನೆ. ಎಲ್ಲರೂ ಚುರುಕಿನವರೇ. ಬೇಗ ನೋಡಿ ಮುಗಿಸಿಬಿಡಬೇಕೆಂಬ ಆತುರವೂ ಎಲ್ಲರಿಗೂ ಒಂದೇ. ಈ ಊರಿನವರು ನಿನಗಿಂತ ಬೇಗ ನಡೆಯುತ್ತಾರೆ, ನಿಜ. ಆದರೆ ಬಸ್‌ಸ್ಟಾಪಿಗೆ ಬಂದ ಕೂಡಲೇ ಸಾಲಿನಲ್ಲಿ ನಿಲ್ಲುತ್ತಾರೆ, ಹಿಂದಿನವನಿಗೂ ಜಾಗ ಆಗಲಿ ಎಂದು ಒಂದು ಹೆಜ್ಜೆ ಮುಂದೆ ಸರಿಯುತ್ತಾರೆ. ಆ ಸರಿಯುವ ಗುಣವನ್ನು ಕಣ್ಣಿಟ್ಟು ನೋಡು. ಇಲ್ಲಿ ನೋಡಬೇಕಾದ್ದು ಅದೇ ಅಂತ ನನಗನ್ನಿಸುತ್ತದೆ.

ಊರಿನ ಆಕಾರ ಮೊದಲು ತಲೆಗೆ ಹೋಗಲಿ. ಇದು ಉದ್ದದ ಊರು, ಅಗಲ ಕಡಿಮೆ. ಹಿಂದೆ ಏಳು ದ್ವೀಪ. ಪೋರ್ಚುಗೀಸರು 1661ರಲ್ಲಿ ತಮ್ಮ ರಾಜಕುಮಾರಿಯ ಮದುವೆಗೆ ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಬಳುವಳಿಯಾಗಿ ಒಪ್ಪಿಸಿದರು. 1668ರಲ್ಲಿ ಆತ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಆಮೇಲೆ ನಡುವಿನ ಸಮುದ್ರಕ್ಕೆ ಕಲ್ಲುಮಣ್ಣು ತುಂಬಿ ತುಂಬಿ ಒಂದೇ ನೆಲ ಮಾಡಿದರು. ಹಳೇ ಊರು, ಬಂದರು, ಕೋರ್ಟು, ಬ್ಯಾಂಕು ದಕ್ಷಿಣದ ತುದಿಯಲ್ಲಿ. ಮನೆಗಳು ಹೆಚ್ಚಾಗಿ ಉತ್ತರಕ್ಕೆ. ಅದಕ್ಕೇ ಬೆಳಿಗ್ಗೆ ಜನವೆಲ್ಲ ದಕ್ಷಿಣಕ್ಕೆ ಇಳಿಯುತ್ತದೆ, ಸಂಜೆ ಉತ್ತರಕ್ಕೆ ಮರಳುತ್ತದೆ. ನಿನಗೇನು, ಹಾಜರಿ ಹಾಕಬೇಕಾದ ಆಫೀಸಿಲ್ಲ. ಏಳಕ್ಕೆ ಮುಂಚೆ ಹೊರಡು, ಇಲ್ಲ ಹನ್ನೊಂದಾದ ಮೇಲೆ ಹೊರಡು. ಸಂಜೆ ಐದೂವರೆಯಿಂದ ಎಂಟೂವರೆವರೆಗೆ ಸ್ಟೇಷನ್ನಿನ ಕಡೆ ತಲೆ ಹಾಕಬೇಡ. ಸಮುದ್ರದ ದಂಡೆಯಲ್ಲಿ ಕೂತು ಕಡಲೆ ತಿನ್ನು. ದುಡಿದು ದಣಿದು ಮನೆಗೆ ಹೋಗುವವರ ಜಾಗವನ್ನು ಪ್ರವಾಸಿ ತಿನ್ನಬಾರದು.

ಹಾಗಂತ ಲೋಕಲ್ ರೈಲು ಹತ್ತದೆ ವಾಪಸ್ಸು ಹೋಗಬೇಡ. ಈಗ ಆರೆಯಿಂದ ಕಫ್ ಪರೇಡ್‌ವರೆಗೆ ನೆಲದಡಿಯ ಮೆಟ್ರೋ ಇದೆ, ತಂಪಾಗಿದೆ, ಸುಖವಾಗಿದೆ, ನನ್ನ ಮಂಡಿಗೆ ಅದೇ ಹಿತ. ನಿನ್ನದು ಎಳೇ ಮಂಡಿ. ಲೋಕಲ್ಲಿಗೆ ಹೋಗು.

ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಓದು. ಕೊನೆಯ ಸ್ಟೇಷನ್ ಯಾವುದು, ಫಾಸ್ಟೋ ಸ್ಲೋವೋ, ಹನ್ನೆರಡು ಡಬ್ಬಿಯೋ ಹದಿನೈದೋ, ಎಲ್ಲವೂ ಅಲ್ಲೇ ಇರುತ್ತದೆ. ಸ್ಲೋ ಎಲ್ಲ ಕಡೆ ನಿಲ್ಲುತ್ತದೆ, ಫಾಸ್ಟು ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ. ಅಂಧೇರಿಯಲ್ಲಿ ಇಳಿಯುವುದಾದರೆ ಸಂಜೆಯ ವಿರಾರ್ ಫಾಸ್ಟ್ ಹತ್ತಬೇಡ. ವಿರಾರಿನವರು ತುಂಬ ದೂರ ನಿಂತೇ ಹೋಗಬೇಕು. ನಡುವೆ ಇಳಿಯುವವನನ್ನು ಕಂಡರೆ ಅವರಿಗೆ ಸಿಟ್ಟು. ಆ ಸಿಟ್ಟಿನಲ್ಲಿ ನ್ಯಾಯವಿದೆ. ಹೆಂಗಸರ ಡಬ್ಬಿ, ಅಂಗವಿಕಲರ ಡಬ್ಬಿ, ಫಸ್ಟ್ ಕ್ಲಾಸ್ ಡಬ್ಬಿ ಇವುಗಳ ಹೊರಗೆ ಬರೆದಿರುತ್ತದೆ, ನೋಡಿಕೊಂಡು ಹತ್ತು. ಫಸ್ಟ್ ಕ್ಲಾಸು ಒಳಗಿನಿಂದ ನೋಡಿದರೆ ಸೀಟು ಕೊಂಚ ಮೆತ್ತಗಿರುತ್ತದೆ ಅಷ್ಟೇ, ಗೊತ್ತೇ ಆಗುವುದಿಲ್ಲ. ಟಿ.ಸಿ. ಮುಂದೆ ‘ಗೊತ್ತಾಗಲಿಲ್ಲ’ ಅಂದರೂ ದಂಡ ತಪ್ಪುವುದಿಲ್ಲ.

ಬೆನ್ನಿನ ಚೀಲ ಎದೆಯ ಮೇಲೆ ಬರಲಿ. ಕಳ್ಳರ ಹೆದರಿಕೆಗೆ ಹೇಳುತ್ತಿಲ್ಲ. ನಿನ್ನ ಬೆನ್ನ ಮೇಲಿನ ಚೀಲ ಇನ್ನೊಬ್ಬರು ನಿಲ್ಲುವ ಜಾಗ. ಹತ್ತಿದ ಮೇಲೆ ಬಾಗಿಲಲ್ಲಿ ನಿಂತು ಗಾಳಿ ಕುಡಿಯುವ ಆಸೆ ಎಲ್ಲ ಹುಡುಗರಿಗೂ. ಬೇಡ. ಹಳಿಯ ಪಕ್ಕದ ಕಂಬಗಳು ಎಷ್ಟು ತಾಯಂದಿರ ಹೊಟ್ಟೆ ಉರಿಸಿವೆ ಅಂತ ನಾನು ಬಲ್ಲೆ. ಒಳಗೆ ಸರಿ. ಸರಿದರೆ ಎರಡು ಲಾಭ: ನಿನ್ನ ಜೀವ ಉಳಿಯುತ್ತದೆ, ಮುಂದಿನ ಸ್ಟೇಷನ್ನಿನಲ್ಲಿ ಹತ್ತುವವನಿಗೆ ಕಾಲಿಡಲು ಜಾಗ ಸಿಗುತ್ತದೆ.

ಒಳಗೆ ಹೋಗಿ ಸುಮ್ಮನೆ ನೋಡು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವರು ಬಂದು ನಿಂತರೆ ಯಾರೂ ಮಾತಾಡುವುದಿಲ್ಲ, ಮೂವರೂ ಸ್ವಲ್ಪ ಸ್ವಲ್ಪ ಜರುಗುತ್ತಾರೆ. ನಾಲ್ಕನೆಯವರಿಗೆ ಅರ್ಧ ತೊಡೆಗಾಗುವಷ್ಟು ಜಾಗ. ಅದು ‘ಫೋರ್ಥ್ ಸೀಟ್’. ಯಾವ ಕಾನೂನಿನಲ್ಲೂ ಇಲ್ಲದ ಸೀಟು. ನಿಂತವರು ಕೂತವರನ್ನು ಕೇಳುತ್ತಾರೆ, ‘ಕಹಾ ಉತರೋಗೆ?’ ಅಂತ. ‘ದಾದರ್’ ಅಂದರೆ ಸೀಟು ಹೇಳಿಟ್ಟ ಹಾಗೆ. ಆಮೇಲೆ ಹತ್ತು ಜನ ಬಂದು ಪಕ್ಕದಲ್ಲಿ ನಿಂತರೂ ದಾದರ್ ಬಂದಾಗ ಆ ಸೀಟು ಮೊದಲು ಕೇಳಿದವರಿಗೇ. ಚೀಟಿಯಿಲ್ಲ, ಸಾಕ್ಷಿಯಿಲ್ಲ, ಮಾತು ಮಾತ್ರ. ಯಾರಾದರೂ ಗೊತ್ತಿಲ್ಲದೆ ನಡುವೆ ಕೂರಲು ಹೋದರೆ ಕೇಳಿದವರು ಬಾಯಿ ತೆರೆಯಬೇಕಾಗಿಯೂ ಇಲ್ಲ, ಸುತ್ತಲಿನವರೇ ಹೇಳುತ್ತಾರೆ. ನನ್ನ ಹೆಂಗಸರ ಡಬ್ಬಿಯಲ್ಲಿ ಸಂಜೆ ಹೊತ್ತು ಒಬ್ಬಳು ಬಟಾಣಿ ಸುಲಿದರೆ, ಪಕ್ಕದವಳು ಸಿಪ್ಪೆಗೆ ಚೀಲ ಹಿಡಿಯುತ್ತಿದ್ದಳು, ಎದುರಿನವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮನೆ ಮುಟ್ಟುವಾಗ ಅರ್ಧ ಅಡುಗೆ ಮುಗಿದಿರುತ್ತಿತ್ತು. ಒಬ್ಬರ ಪೂರ್ತಿ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಆದರೆ ಯಾರ ಮಗನಿಗೆ ಪರೀಕ್ಷೆ, ಯಾರ ಅತ್ತೆಗೆ ಆಪರೇಷನ್ನು ಅಂತ ಡಬ್ಬಿಗೆಲ್ಲ ಗೊತ್ತು.

ಇಳಿಯುವ ಸ್ಟೇಷನ್ ಬಂದ ಮೇಲೆ ಎದ್ದರೆ ಕೆಟ್ಟೆ. ಎರಡು ಸ್ಟೇಷನ್ ಮುಂಚೆಯೇ ಬಾಗಿಲ ಕಡೆ ಜರುಗಲು ಶುರು ಮಾಡು. ಮುಂದಿರುವವರನ್ನು ತಳ್ಳಬೇಡ, ‘ಅಗ್ಲಾ ಉತರ್ನಾ ಹೈ?’ ಅಂತ ಕೇಳು. ಇಳಿಯುವವರು ತಲೆಯಾಡಿಸುತ್ತಾರೆ, ಇಳಿಯದವರು ಪಕ್ಕಕ್ಕೆ ದಾರಿ ಬಿಡುತ್ತಾರೆ. ಪ್ಲಾಟ್‌ಫಾರ್ಮು ಎಡಕ್ಕೋ ಬಲಕ್ಕೋ ಎಂದು ಅವರನ್ನೇ ಕೇಳು, ಬಾಯಿಪಾಠ ಇರುತ್ತದೆ. ಬಹಳಷ್ಟು ಕಡೆ ಗಾಡಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಇಳಿದ ತಕ್ಷಣ ನಿಂತು ಮೊಬೈಲು ತೆಗೆದು ನಕ್ಷೆ ಹುಡುಕಬೇಡ. ಹಿಂದೆ ನೂರು ಜನ ಬರುತ್ತಿದ್ದಾರೆ. ಪಕ್ಕಕ್ಕೆ ಹೋಗಿ ಕಂಬಕ್ಕೊರಗಿ ಹುಡುಕು. ಭಾನುವಾರವಾದರೆ ರಿಪೇರಿಗೆಂದು ಕೆಲವು ಹಳಿ ಮುಚ್ಚಿರುತ್ತಾರೆ, ‘ಮೆಗಾ ಬ್ಲಾಕ್’ ಅನ್ನುತ್ತಾರೆ. ಶನಿವಾರವೇ ವಿಚಾರಿಸಿಕೋ.

ಚರ್ಚ್‌ಗೇಟಿನಲ್ಲಿ ಹನ್ನೊಂದು ಹನ್ನೊಂದೂವರೆ ಹೊತ್ತಿಗೆ, ಮನೆಯೂಟವನ್ನು ಆಫೀಸುಗಳಿಗೆ ಮುಟ್ಟಿಸುವ ಬಿಳಿ ಟೋಪಿಯವರು ಉದ್ದನೆಯ ಮರದ ಹಲಗೆಯ ತುಂಬ ಊಟದ ಡಬ್ಬ ಜೋಡಿಸಿ ತಲೆಯ ಮೇಲೆ ಹೊತ್ತು ಬರುತ್ತಾರೆ. 1890ರಿಂದ ನಡೆದು ಬಂದ ಕಸುಬು. ಡಬ್ಬದ ಮುಚ್ಚಳದ ಮೇಲೆ ಬಣ್ಣದ ಗುರುತು, ನಾಲ್ಕಾರು ಅಕ್ಷರ ಅಂಕಿ. ಅಷ್ಟರಲ್ಲೇ ಯಾವ ಸ್ಟೇಷನ್ನು, ಯಾವ ಕಟ್ಟಡ, ಎಷ್ಟನೇ ಮಹಡಿ ಅಂತ ಅವರಿಗೆ ಗೊತ್ತು. ಫೋಟೋಕ್ಕೆ ಅವರನ್ನು ನಿಲ್ಲಿಸಬೇಡ ಕಂದಾ. ಯಾರದೋ ಮನೆಯ ಬಿಸಿ ಪಲ್ಯ ಆ ತಲೆಯ ಮೇಲಿದೆ. ದಾರಿ ಬಿಟ್ಟು ನೋಡು.

ಆಟೋ, ಟ್ಯಾಕ್ಸಿಯ ವಿಷಯ. ಬೆಂಗಳೂರಿನಿಂದ ಬಂದ ಹುಡುಗರು ಆಟೋ ಕಂಡ ಕೂಡಲೇ ಚೌಕಾಸಿಗೆ ಮೈ ಗಟ್ಟಿ ಮಾಡಿಕೊಳ್ಳುತ್ತಾರೆ. ಇಲ್ಲಿ ಸುಮ್ಮನೆ ಕೂತುಕೋ, ಮೀಟರ್ ಹಾಕುತ್ತಾನೆ. ಇಳಿದಾಗ ಒಂದು ರೂಪಾಯಿ ಚಿಲ್ಲರೆಯನ್ನೂ ಹುಡುಕಿ ಕೊಡುವವರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ. ದೊಡ್ಡ ಟರ್ಮಿನಸ್ಸಿನ ಬಾಗಿಲಲ್ಲಿ, ವಿಮಾನ ನಿಲ್ದಾಣದ ಹೊರಗೆ ಕೈ ಹಿಡಿದು ಎಳೆಯುವವರ ಮಾತು ಬೇರೆ. ಅವರನ್ನು ದಾಟಿ ಮುಖ್ಯರಸ್ತೆಗೆ ಬಾ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೋ ಬರುವುದಿಲ್ಲ, ಅಲ್ಲಿಂದ ಮುಂದೆ ಕಪ್ಪು-ಹಳದಿ ಟ್ಯಾಕ್ಸಿ. ಸಿನಿಮಾದಲ್ಲಿ ನೋಡಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯನ್ನು ಹುಡುಕಬೇಡ, 2023ಕ್ಕೆ ಅವುಗಳ ಕಾಲ ಮುಗಿಯಿತು.

ಈಗ ನೋಡುವ ಜಾಗಗಳಿಗೆ ಬರೋಣ. ಒಂದು ಬೆಳಗನ್ನು ಪೂರ್ತಿ ಫೋರ್ಟಿಗೆ ಕೊಡು, ಕಾಲಲ್ಲಿ ನಡೆ. ವಿ.ಟಿ.ಯಿಂದ ಶುರು ಮಾಡು. ಹೆಸರು ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳಬರ ಬಾಯಲ್ಲಿ ಇನ್ನೂ ವಿ.ಟಿ. ಈ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಇಲ್ಲೇ ಪಕ್ಕದ ಬೋರಿ ಬಂದರಿನಿಂದ ಠಾಣೆಗೆ ಹೊರಟಿತು. ಕಟ್ಟಡ ಬಂದದ್ದು ಆಮೇಲೆ, 1878ರಲ್ಲಿ ಕೆಲಸ ಹಿಡಿದು ಹತ್ತು ವರ್ಷ ಕಟ್ಟಿದರು. ದೂರ ನಿಂತು ಒಂದು ಸೆಲ್ಫಿ ಹೊಡೆದು ಹೊರಟುಬಿಡುತ್ತೀಯಲ್ಲ, ಆ ಕೆಲಸ ಬೇಡ. ಹತ್ತಿರ ಹೋಗು. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಗೋಡೆಯಲ್ಲಿ ನವಿಲಿದೆ, ಕೋತಿಯಿದೆ, ಎಲೆಬಳ್ಳಿ ಇದೆ. ನಕ್ಷೆ ಬರೆದವರು ಸ್ಟೀವನ್ಸ್ ಎಂಬ ಇಂಗ್ಲಿಷರಾದರೂ ಆ ಕೆತ್ತನೆಗೆ ಕೈಹಚ್ಚಿದವರು ಇಲ್ಲಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು. ನಿನ್ನ ವಯಸ್ಸಿನವರು.

ಅಲ್ಲಿಂದ ಫ್ಲೋರಾ ಫೌಂಟನ್ ಕಡೆ ನಡೆ. ಪಕ್ಕದಲ್ಲೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಬಿಟ್ಟವರ ಸ್ಮಾರಕವಿದೆ, ಹುತಾತ್ಮಾ ಚೌಕ. ಒಂದು ನಿಮಿಷ ನಿಲ್ಲು. ಆಮೇಲೆ ಓವಲ್ ಮೈದಾನದ ಅಂಚಿಗೆ ಬಾ. ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವನ್ನು ಪ್ರೇಮ್‌ಚಂದ್ ರಾಯ್‌ಚಂದ್ ಎಂಬ ಹತ್ತಿಯ ವ್ಯಾಪಾರಿ ದುಡ್ಡು ಕೊಟ್ಟು ತಾಯಿಯ ಹೆಸರಿನಲ್ಲಿ ಕಟ್ಟಿಸಿದ. ಆ ದುಡ್ಡಿನ ಕಾಲವೇ ಬೇರೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು, ಇಲ್ಲಿಯ ಬಂದರಿನಿಂದ ಹೋದ ಹತ್ತಿಗೆ ಚಿನ್ನದ ಬೆಲೆ ಬಂತು. ಧಾರವಾಡ ಸೀಮೆಯ ಹತ್ತಿಯೂ ಆ ರಾಶಿಯಲ್ಲಿತ್ತು. ಊರಿಗೆ ಊರೇ ಷೇರಿನ ಹುಚ್ಚು ಹಿಡಿಸಿಕೊಂಡಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಎಲ್ಲ ಕುಸಿದುಬಿತ್ತು. ಪ್ರೇಮ್‌ಚಂದನೂ ಮುಳುಗಿದ. ಗೋಪುರ ಮಾತ್ರ 1878ಕ್ಕೆ ಎದ್ದು ನಿಂತಿತು. ಮೊಬೈಲಿನಲ್ಲಿ ಷೇರು ಆಡುತ್ತೀಯಂತೆ, ಕೇಳಿದೆ. ಆ ಗೋಪುರದ ಕೆಳಗೆ ಎರಡು ನಿಮಿಷ ಹೆಚ್ಚು ನಿಲ್ಲು.

ಕಾಲು ನೊಂದರೆ ಟೌನ್ ಹಾಲಿನ ಮೆಟ್ಟಿಲ ಮೇಲೆ ಕೂರು, ಎಲ್ಲರೂ ಕೂರುತ್ತಾರೆ. ಹಸಿವಾದರೆ ಧೋಬಿ ತಲಾವಿನ ಕಡೆ ಹೋಗಿ 1904ರ ಕ್ಯಾನಿಯಲ್ಲಿ ಬ್ರುನ್ ಮಸ್ಕಾ, ಇರಾನಿ ಚಹಾ. ಗರಿಗರಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನು, ಇಲ್ಲವಾದರೆ ಅಂಗಳು ಕೆರೆಯುತ್ತದೆ. ಮೇಜಿನಲ್ಲಿ ಎರಡು ಕುರ್ಚಿ ಖಾಲಿಯಿದ್ದರೆ ಗುರುತಿಲ್ಲದವರು ಬಂದು ಕೂರುತ್ತಾರೆ. ಮುಖ ಸಿಂಡರಿಸಬೇಡ. ಇರಾನಿ ಹೋಟೆಲಿನಲ್ಲೂ ಉಡುಪಿ ಹೋಟೆಲಿನಲ್ಲೂ ಅದೇ ರೀತಿ. ತಿಂದಾಯಿತೋ, ಎದ್ದೇಳು, ಖಾಲಿ ಬಟ್ಟಲಿಟ್ಟುಕೊಂಡು ಮೊಬೈಲು ಉಜ್ಜುತ್ತ ಕೂತರೆ ಕಾದು ನಿಂತವರ ಹೊಟ್ಟೆಗೆ ಹೊಡೆದಂತೆ.

ಬಂದರಿನ ಊರಿಗೆ ಬಂದು ನೀರಿಗಿಳಿಯದೆ ಹೋಗಬಾರದು. ಗೇಟ್‌ವೇ ಕಂಡೇ ಕಾಣುತ್ತೀಯ. 1911ರಲ್ಲಿ ಬಂದ ಐದನೇ ಜಾರ್ಜ್ ದೊರೆಯ ನೆನಪಿಗೆ ಕಟ್ಟಿಸಿದ್ದು, ಮುಗಿದದ್ದು 1924ರಲ್ಲಿ. ದೊರೆಯ ಬಾಗಿಲಾಗಿ ಕಟ್ಟಿಸಿದ ಅದರಡಿಯಿಂದಲೇ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಲ್ಟನ್ ಹಡಗು ಹತ್ತಿತು. ಅಲ್ಲೇ ದೋಣಿ ಹತ್ತಿ ಎಲಿಫೆಂಟಾಕ್ಕೆ ಹೋಗು. ಸುಮಾರು ಒಂದು ಗಂಟೆಯ ದಾರಿ. ಸೋಮವಾರ ಗುಹೆ ಮುಚ್ಚಿರುತ್ತದೆ. ಎಷ್ಟು ಜನ ಸೋಮವಾರವೇ ಬಂದು ಪೆಚ್ಚುಮೋರೆ ಹಾಕಿಕೊಂಡು ಹೋಗುತ್ತಾರೋ! ಬೆಳಗಿನ ಮೊದಲ ದೋಣಿಗಳಲ್ಲಿ ಹೋದರೆ ಬಿಸಿಲೂ ಕಡಿಮೆ, ಗದ್ದಲವೂ ಕಡಿಮೆ. ಕೈಯಲ್ಲಿ ತಿಂಡಿಯ ಪೊಟ್ಟಣ ಬೇಡ, ಕೋತಿಗಳಿವೆ.

ಊರಿನವರು ಆ ದ್ವೀಪಕ್ಕೆ ಘಾರಾಪುರಿ ಅನ್ನುತ್ತಾರೆ. ಎರಡನೇ ಪುಲಕೇಶಿ ನೂರಾರು ಹಡಗು ಕಟ್ಟಿಕೊಂಡು ಪಡುವಣ ಕಡಲಿನ ‘ಪುರಿ’ಗೆ ಮುತ್ತಿಗೆ ಹಾಕಿದನೆಂದು 634ರ ಐಹೊಳೆ ಶಾಸನದಲ್ಲಿದೆ. ಆ ಪುರಿ ಇದೇ ಎಂದು ಹೇಳುವ ವಿದ್ವಾಂಸರಿದ್ದಾರೆ. ಬಾದಾಮಿ ನೋಡಿದ ಕಣ್ಣಿದ್ದರೆ ಒಳಗೆ ಹೋದ ಕೂಡಲೇ ಹತ್ತಿರದ ನೆಂಟರು ಕಂಡಂತಾಗುತ್ತದೆ. ಮೂರು ಮುಖದ ಸದಾಶಿವ ಹಿಂದಿನ ಗೋಡೆಯಲ್ಲಿ, ಕತ್ತಲಲ್ಲಿದ್ದಾನೆ. ಇಪ್ಪತ್ತು ಅಡಿ ಹತ್ತಿರ ಎತ್ತರ. ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಮೊಬೈಲಿನ ಬೆಳಕು ಬಿಡಬೇಡ. ಕಂಬದ ಪಕ್ಕ ಸುಮ್ಮನೆ ನಿಂತುಕೋ, ಕಣ್ಣು ಕತ್ತಲಿಗೆ ಒಗ್ಗಲಿ. ಮೊದಲು ನಡುವಿನ ಮುಖದ ತುಟಿ ಕಾಣುತ್ತದೆ, ಆಮೇಲೆ ಎಡಗಡೆಯ ಮುಖದ ಮೀಸೆ, ಕೋಪ. ಬಲಗಡೆಯದು ಹೆಣ್ಣು ಮುಖ, ಕೈಯಲ್ಲಿ ಹೂವು. ಹಿಂದೆ ಬರುವವರು ತಳ್ಳಿದರೆ ಪಕ್ಕಕ್ಕೆ ಸರಿದು ಮತ್ತೆ ನಿಲ್ಲು. ಅರ್ಧ ಗಂಟೆ ಅಲ್ಲಿ ಕೊಟ್ಟರೆ ನಷ್ಟವಿಲ್ಲ. ದ್ವೀಪಕ್ಕೆ ಆನೆಯ ಹೆಸರು ತಂದ ಕಲ್ಲಾನೆ ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಭಾಯಖಳಾದ ಜೀಜಾಮಾತಾ ಉದ್ಯಾನದಲ್ಲಿದೆ.

ಇನ್ನೊಂದು ಬೆಳಿಗ್ಗೆ ಐದಕ್ಕೇ ಎದ್ದು ಕೊಲಾಬಾದ ಸಸೂನ್ ಡಾಕಿಗೆ ಹೋಗು. 1875ರ ಧಕ್ಕೆ ಅದು. ಮಲ್ಪೆಯಲ್ಲಿ ಮೀನಿನ ಏಲಂ ನೋಡಿದ್ದರೆ ಗದ್ದಲ ಹೊಸದೇನಲ್ಲ. ಆದರೆ ಇಲ್ಲಿಯ ಮೀನುಗಾರ ಕೋಳಿ ಸಮುದಾಯದ ಹೆಂಗಸರು ನಿಂತ ಭಂಗಿಯನ್ನೇ ನೋಡಬೇಕು. ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಮೈಮೇಲೆ ಚಿನ್ನ, ಬುಟ್ಟಿಯ ಮೇಲೊಂದು ಕೈ, ಗಂಡಸರನ್ನೆಲ್ಲ ಹದ್ದುಬಸ್ತಿನಲ್ಲಿಡುವ ಗಂಟಲು. ಇಂಗ್ಲಿಷರೂ ಪೋರ್ಚುಗೀಸರೂ ಬರುವ ಎಷ್ಟೋ ಮುಂಚಿನಿಂದ ಈ ದ್ವೀಪಗಳಲ್ಲಿದ್ದವರು ಇವರು. ಮುಂಬಾದೇವಿ ಇವರ ದೇವಿ, ಊರಿಗೆ ಹೆಸರು ಬಂದದ್ದೇ ಅವಳಿಂದ. ಅಲ್ಲಿ ಮೂಗು ಮುಚ್ಚಿಕೊಳ್ಳಬೇಡ. ದಾರಿಯ ನಡುವೆ ನಿಲ್ಲಬೇಡ, ಬುಟ್ಟಿ ಹೊತ್ತವರು ನಿನಗಾಗಿ ನಿಲ್ಲಲಾರರು. ಕ್ಯಾಮೆರಾ ತೆಗೆಯುವ ಮುನ್ನ ಕೇಳು. ‘ಮಾವಶಿ’ ಅಂತ ಕರೆದು ಕೇಳಿದರೆ ಬೈದರೂ ನಕ್ಕೇ ಬೈಯುತ್ತಾರೆ.

ಧಾರಾವಿಗೂ ಇದೇ ಮಾತು. ಅಲ್ಲಿ ಚರ್ಮದ ಕೆಲಸವಿದೆ, ಕುಂಬಾರವಾಡೆಯಿದೆ, ಊರಿನ ಪ್ಲಾಸ್ಟಿಕ್ಕು ವಿಂಗಡಿಸುವ ಗೂಡುಗಳಿವೆ. ದುಡಿಯುವ ಜನ. ಬಡತನ ನೋಡಲು ಹೋಗುವುದಾದರೆ ಹೋಗಲೇಬೇಡ. ಒಂದು ಚರ್ಮದ ಬೆಲ್ಟೋ ಮಣ್ಣಿನ ಹಣತೆಯೋ ಕೊಳ್ಳಲು ಹೋಗು, ಹೇಳಿದ ಬೆಲೆ ಕೊಟ್ಟು ಬಾ. ತೆರೆದ ಬಾಗಿಲೊಳಗೆ ಇಣುಕಬೇಡ, ಅದು ಒಬ್ಬರ ಅಡುಗೆಮನೆ.

ಗೇಟ್‌ವೇಯ ಫೋಟೋದಲ್ಲಿ ಕಾಣದ ಬಂದರೊಂದಿದೆ, ಪೂರ್ವದ ದಂಡೆಯಲ್ಲಿ. ಭಾವೂಚಾ ಧಕ್ಕಾದಿಂದ ಉತ್ತರಕ್ಕೆ ಗೋದಾಮುಗಳ ಸಾಲು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರ ಹೊಟ್ಟೆಯಲ್ಲಿ ಹತ್ತಿ, ಮದ್ದುಗುಂಡು, ಚಿನ್ನದ ಗಟ್ಟಿ ಒಟ್ಟಿಗೇ ಇದ್ದವು. ಸಿಡಿದಾಗ ಸುತ್ತಲ ಕೇರಿಗಳೇ ಹೋದವು. ಬೆಂಕಿ ನಂದಿಸಲು ಹೋದ 66 ಮಂದಿ ಅಗ್ನಿಶಾಮಕದವರು ಸತ್ತರು. ದೇಶದಲ್ಲೆಲ್ಲ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನ ಅಂತ ಆಚರಿಸುವುದು ಅವರ ನೆನಪಿಗೆ. ಪ್ರವಾಸಿಗಳು ಆ ಕಡೆ ಹೋಗುವುದು ಕಡಿಮೆ. ಹೋಗದಿದ್ದರೂ ತಿಳಿದಿರು.

ನಮ್ಮವರ ಮಾತನ್ನು ಬೇಕೆಂದೇ ಇಲ್ಲಿಗೆ ಉಳಿಸಿಕೊಂಡೆ. ಬಂದ ದಿನವೇ ಕನ್ನಡದವರನ್ನು ಹುಡುಕಿಕೊಂಡು ಕೂರಬೇಡ, ಊರು ನೋಡಿದಂತಾಗುವುದಿಲ್ಲ. ಆದರೆ ಒಂದು ಬೆಳಿಗ್ಗೆ ಮಾಟುಂಗಾಕ್ಕೆ ಬಾ. ಸ್ಟೇಷನ್ನಿನ ಓಣಿಯಲ್ಲಿ ಮಲ್ಲಿಗೆ, ಬಾಳೆಲೆ, ಕರಿಬೇವು, ಆಗ ತಾನೇ ಪುಡಿಮಾಡಿದ ಕಾಫಿಯ ಪರಿಮಳ. 1942ರಲ್ಲಿ ರಾಮ ನಾಯಕರು ಇಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದರು. 1926ರ ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲವೂ 1956ರವರೆಗೆ ಮುಂಬೈ ಆಡಳಿತದಲ್ಲೇ ಇದ್ದವಲ್ಲ, ಆ ಕಡೆಯವರು ಕಾಗದಪತ್ರಕ್ಕೂ ಓದಿಗೂ ಬಂದರು. ನಮ್ಮ ಕರಾವಳಿಯವರು ಹೊಟ್ಟೆಪಾಡಿಗೆ ಬಂದರು.

ಹಾಗೆ ಬಂದು ಹೋಟೆಲು ಸೇರಿದ ಹುಡುಗರ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳು, ಮನೆಯಲ್ಲಿ ಗಂಜಿಗಿಲ್ಲದೆ ಬಂದವರು. ಹಗಲೆಲ್ಲ ಲೋಟ ತೊಳೆದು, ಮೇಜು ಒರೆಸಿ, ಸಂಜೆ ಕೈ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದರು. ನಿದ್ದೆ ತಡೆಯಲಾರದೆ ಬೆಂಚಿನ ಮೇಲೇ ತೂಕಡಿಸುತ್ತಿದ್ದರಂತೆ. ಮೇಷ್ಟರುಗಳೂ ಹಗಲು ಎಲ್ಲೋ ದುಡಿದು ಬಂದವರೇ. ಹಾಗೆ ಓದಿದವರು ವಕೀಲರಾದರು, ಬ್ಯಾಂಕಿನವರಾದರು, ಸ್ವಂತ ಹೋಟೆಲು ತೆರೆದರು, ಬರೆಯುವವರಾದರು. ಆದ್ದರಿಂದ ಮಾಟುಂಗಾದಲ್ಲಿ ದೋಸೆ ತಿಂದು ‘ಊರಿನ ರುಚಿ ಇಲ್ಲ’ ಅಂತ ತಟ್ಟೆ ದೂಡಬೇಡ. ಬಡಿಸಿದವನ ಊರು ಯಾವುದು ಅಂತ ಕೇಳು. ಕುಂದಾಪುರವೋ ಕಾರ್ಕಳವೋ ಆದರೆ ಅವನ ಮುಖ ಅರಳುತ್ತದೆ. ಬಿಹಾರವೋ ಒಡಿಶಾವೋ ಆದರೆ ಅದೂ ಕೇಳಬೇಕಾದ ಕಥೆಯೇ. ಅಂದು ನಮ್ಮ ಹುಡುಗರು ನಿಂತ ಜಾಗದಲ್ಲಿ ಇಂದು ಅವನು ನಿಂತಿದ್ದಾನೆ.

ಹೊರಡುವ ಮುಂಚೆ ಒಂದು ಪುಸ್ತಕವಾದರೂ ಓದಿ ಬಾ. ಬಾಂದ್ರಾದ ಕಡಲ ದಂಡೆಯಲ್ಲಿ ಮನೆ ಮಾಡಿಕೊಂಡು, ರಾಸಾಯನಿಕ ಕಾರ್ಖಾನೆಯ ಕೆಲಸದ ನಡುವೆ ಯಶವಂತ ಚಿತ್ತಾಲರು ‘ಶಿಕಾರಿ’ ಬರೆದರು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಇದೆ, ಜಯಂತ ಕಾಯ್ಕಿಣಿಯವರ ಕಥೆಗಳಿವೆ. ಓದಿ ಬಂದವನಿಗೆ ಚಾಳಿನ ಕತ್ತಲೆ ಮೆಟ್ಟಿಲೂ ಏನೋ ಹೇಳುತ್ತದೆ. ಓದದೆ ಬಂದವನು ಅಲ್ಲಿ ಬರೀ ಹೊಲಸನ್ನು ನೋಡಿ ಹೋಗುತ್ತಾನೆ.

ಮಾತು ಯಾವುದು ಆಡಬೇಕು ಅಂತ ಚಿಂತೆ ಬೇಡ. ನಾಲ್ಕು ಮರಾಠಿ ಮಾತು ಕಲಿತು ಬಾ, ಉಳಿದದ್ದು ಹಿಂದಿಯಲ್ಲಿ ಸಾಗುತ್ತದೆ. ತಪ್ಪು ಹಿಂದಿಗೆ ಇಲ್ಲಿ ಯಾರೂ ನಗುವುದಿಲ್ಲ, ಎಲ್ಲರದೂ ಅಷ್ಟೇ. ದೇವಸ್ಥಾನ, ದರ್ಗಾ, ಇಗರ್ಜಿ, ಅಗಿಯಾರಿ ಎಲ್ಲವೂ ಒಂದೇ ಬೀದಿಯಲ್ಲಿ ಸಿಗಬಹುದು. ಪಾರಸಿಗಳ ಅಗಿಯಾರಿಗೆ ಬೇರೆಯವರಿಗೆ ಪ್ರವೇಶವಿಲ್ಲ. ಬಾಗಿಲಲ್ಲಿ ವಾದ ಹೂಡಬೇಡ. ಹಾಜಿ ಅಲಿಯ ದಾರಿ ಭರತದ ಹೊತ್ತಿಗೆ ನೀರಿನಲ್ಲಿ ಮುಳುಗುತ್ತದೆ, ಇಳಿತ ನೋಡಿಕೊಂಡು ಹೋಗು.

ಮಳೆಗಾಲದಲ್ಲಿ ಬರುವುದಾದರೆ ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ, ಕೇಳು. ನಾವು ಕರಾವಳಿಯವರು, ಮಳೆ ನಮಗೆ ಹೊಸದಲ್ಲ ಅನ್ನುವ ಸೊಕ್ಕು ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಜೋರು ಮಳೆಗೆ ಭರತವೂ ಸೇರಿದರೆ ಚರಂಡಿಯ ನೀರು ಸಮುದ್ರಕ್ಕೆ ಹೋಗುವುದಿಲ್ಲ, ರಸ್ತೆಯಲ್ಲೇ ಏರುತ್ತದೆ. ಅಂಥ ಹೊತ್ತಿನಲ್ಲಿ ರೈಲು ನಿಂತರೆ ಹಳಿಗಿಳಿದು ನಡೆಯಲು ಹೋಗಬೇಡ. ಇದ್ದಲ್ಲೇ ಇರು. ಮೊಣಕಾಲ ನೀರಿನಡಿಯಲ್ಲಿ ತೆರೆದ ಗುಂಡಿ ಇರಬಹುದು. ಆ 2005ರ ರಾತ್ರಿ ನಮ್ಮ ಕಟ್ಟಡದ ಮೆಟ್ಟಿಲ ತುಂಬ ಗುರುತಿಲ್ಲದ ಜನ ಮಲಗಿದ್ದರು. ಮನೆಮನೆಯವರೂ ಅನ್ನ ಮಾಡಿದೆವು, ಒಣಬಟ್ಟೆ ಕೊಟ್ಟೆವು. ಯಾರ ಜಾತಿಯನ್ನೂ ಯಾರೂ ಕೇಳಲಿಲ್ಲ. ನಿನಗೂ ಯಾರಾದರೂ ಬಾಗಿಲು ತೆರೆಯುತ್ತಾರೆ. ಸಂಕೋಚಪಡದೆ ಒಳಗೆ ಹೋಗಿ ಕೂತುಕೋ. ಮರೀನ್ ಡ್ರೈವಿನ ಕಟ್ಟೆಯಾಚೆಗಿನ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳ ಮೇಲೆ, ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳ ಮೇಲೆ ಫೋಟೋಕ್ಕೆಂದು ಇಳಿಯಬೇಡ. ಅಲೆ ಬಂದು ಎಳೆದುಕೊಂಡು ಹೋದವರಲ್ಲಿ ನಿನ್ನ ಪ್ರಾಯದವರೂ ಇದ್ದಾರೆ.

ಕೊನೆಗೆ ವಾಪಸ್ಸಿನ ಗಾಡಿ. ಟಿಕೆಟ್ಟಿನಲ್ಲಿ ‘ಮುಂಬೈ’ ಎಂದಷ್ಟೇ ಓದಿ ಸಮಾಧಾನಪಡಬೇಡ. ಉದ್ಯಾನ್ ಎಕ್ಸ್‌ಪ್ರೆಸ್ ಹೊರಡುವುದು ವಿ.ಟಿ.ಯಿಂದ, ಮಂಗಳೂರಿನ ಮತ್ಸ್ಯಗಂಧ ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ. ಎರಡರ ನಡುವೆ ಊರೇ ಇದೆ. ದಾದರ್, ಬಾಂದ್ರಾ, ಮುಂಬೈ ಸೆಂಟ್ರಲ್, ಪನ್ವೇಲ್ ಅಂತ ಇನ್ನೂ ಇವೆ. ಒಂದು ಸ್ಟೇಷನ್ನಿಗೆ ಹೋಗಿ ನಿಂತು ಇನ್ನೊಂದರಿಂದ ಗಾಡಿ ಬಿಟ್ಟುಹೋದ ಮಕ್ಕಳು ಅಳುಮೋರೆ ಹಾಕಿಕೊಂಡು ನನ್ನ ಮನೆಗೆ ಬಂದದ್ದುಂಟು. ಈಗಲೇ ಟಿಕೆಟ್ ತೆಗೆದು ನೋಡು. ಯಾವ ಸ್ಟೇಷನ್ನು, ಎಷ್ಟು ಗಂಟೆಗೆ ಅಂತ ಅಮ್ಮನಿಗೂ ಹೇಳು, ನನಗೂ ಫೋನು ಮಾಡು.